ತಗಡಿನ ಮಾಡು ಬದಲಿಸಬೇಕು: ಯಾವ ಶೀಟು, ಯಾವ ಕಂಟ್ರಾಕ್ಟರ್?

ಸೋರುವಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಗಡಿನ ಮಾಡಿಗೆ 18 ವರ್ಷ ಆಯಿತು. ಎರಡು ಮಳೆಗಾಲದಿಂದ ಸೋರುತ್ತಿದೆ. ಒಂದು ಕಡೆ ಸೀಲಂಟ್ ಹಚ್ಚಿದರೆ ಇನ್ನೊಂದು ಕಡೆ ಹನಿ ಶುರುವಾಗುತ್ತದೆ. ಮೊನ್ನೆ ರಾತ್ರಿ ಮಗಳ ಪುಸ್ತಕದ ಕಪಾಟಿನ ಮೇಲೇ ನೀರು ಬಿತ್ತು. ತೇಪೆ ಹಾಕಿದ್ದು ಸಾಕು, ಪೂರ್ತಿ ಬದಲಿಸೋಣ ಅಂತ ಮನೆಯಲ್ಲಿ ಮಾತಾಗಿದೆ.

ಮಾಡು ಎರಡು ಇಳಿಜಾರಿನದು. ರಿಡ್ಜ್‌ನಿಂದ (ಮಾಡಿನ ನೆತ್ತಿಯಿಂದ) ಸೂರಿನ ತುದಿಗೆ ಸುಮಾರು 9 ಮೀಟರ್. ಇಳಿಜಾರು 12 ಡಿಗ್ರಿ. ಕೆಳಗೆ ಶೀಟು ಹೊರುವ ಕಬ್ಬಿಣದ ಅಡ್ಡಪಟ್ಟಿ, ಅಂದರೆ ಪರ್ಲಿನ್ ಇದೆ, ಸೀಲಿಂಗ್ ಇಲ್ಲ.

ಮೂರು ಕೊಟೇಷನ್ ಬಂದಿವೆ. ಮೊದಲನೆಯವರದು ಒಂದೇ ಸಾಲು: "ಕಲರ್ ಶೀಟ್ 0.5, ಫಿಟ್ಟಿಂಗ್ ಸೇರಿ ಇಷ್ಟು." ಎಲ್ಲಕ್ಕಿಂತ ಕಡಿಮೆ. ಎರಡನೆಯವರು ಸ್ಟ್ಯಾಂಡಿಂಗ್ ಸೀಮ್ (ಶೀಟಿನ ಅಂಚುಗಳನ್ನು ಎತ್ತಿ ಮಡಿಸಿ ಜೋಡಿಸುವುದು) ಹಾಕಿಸಿ, ಜೀವಮಾನ ಪೂರ್ತಿ ಚಿಂತೆ ಇಲ್ಲ ಅಂತಾರೆ. ಅವರ ರೇಟು ಮೊದಲನೆಯವರ ದುಪ್ಪಟ್ಟಿಗಿಂತ ಜಾಸ್ತಿ. ಮೂರನೆಯವರು ಏಣಿ ಹಾಕಿ ಮೇಲೆ ಹತ್ತಿದರು, ಒಂದು ಗಂಟೆ ಅಳೆದರು, ಎರಡು ಪುಟ ಬರೆದುಕೊಟ್ಟರು. ಅದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ಬಿಎಂಟಿ, ಎಜೆಡ್ 150, ಎಸ್‌ಎಂಪಿ ಅಂತೆಲ್ಲ ಇದೆ.

ಯಾವ ಶೀಟು ತೆಗೆದುಕೊಳ್ಳಲಿ? ಯಾರಿಗೆ ಕೆಲಸ ಕೊಡಲಿ? ಮಾಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ.

ನೀಲಿತಗಡು:
ಮೂರನೆಯವರಿಗೆ ಕೊಡಿ. ಮೇಲೆ ಹತ್ತದೆ ರೇಟು ಹೇಳುವವರನ್ನು ನಾನು ನಂಬುವುದಿಲ್ಲ.

ಹೆಂಚೇಸರಿ:
ತಗಡೇ ಯಾಕೆ ಬೇಕು? ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ಡೋಲು. ಹೆಂಚು ಹಾಕಿಸಿ, ಒಂದು ಒಡೆದರೆ ಒಂದು ಬದಲಿಸಬಹುದು.

ಅಳತೆಪಟ್ಟಿ:
@ಹೆಂಚೇಸರಿ ಹೆಂಚು ನನಗೂ ಇಷ್ಟವೇ. ಆದರೆ ಇವರ ಇಳಿಜಾರು 12 ಡಿಗ್ರಿ ಮಾತ್ರ. ಅಷ್ಟು ಚಪ್ಪಟೆ ಮಾಡಿಗೆ ಹೆಂಚು ಹಾಕಿದರೆ ಗಾಳಿ ಮಳೆಗೆ ನೀರು ಒಳಗೆ ನುಗ್ಗುತ್ತದೆ. ಭಾರವೂ ನೋಡಿ. ಮಣ್ಣಿನ ಹೆಂಚಿನ ಮಾಡು ಚದರ ಮೀಟರಿಗೆ 40 ಕೆ.ಜಿ. ದಾಟುವುದು ಸಾಮಾನ್ಯ. 0.5 ಮಿ.ಮೀ. ಉಕ್ಕಿನ ತಗಡು 4 ಕೆ.ಜಿ. ಆಸುಪಾಸು. ತಗಡಿಗೆ ಅಂತ ಹಾಕಿದ ಪರ್ಲಿನ್ ಮೇಲೆ ಹೆಂಚು ಹೊರಿಸಲು ಆಗುವುದಿಲ್ಲ.

ಇನ್ನು ಕೊಟೇಷನ್‌ನಲ್ಲಿರುವ ಪದಗಳು. ಬಿಎಂಟಿ ಅಂದರೆ ಒಳಗಿನ ಬರಿ ಉಕ್ಕಿನ ದಪ್ಪ. ಟಿಸಿಟಿ ಅಂದರೆ ಮೇಲಿನ ಲೇಪನವೂ ಸೇರಿದ ದಪ್ಪ. ಗಟ್ಟಿತನ ಕೊಡುವುದು ಉಕ್ಕು. "0.5" ಅಂತ ಸುಮ್ನೆ ಬರೆದರೆ ಅದು ಯಾವುದರ ಲೆಕ್ಕ ಅಂತ ಕೇಳಲೇಬೇಕು. ಬಣ್ಣ, ಲೇಪನ ಎಲ್ಲ ಸೇರಿ 0.5 ಅಂದರೆ ಉಕ್ಕು 0.45 ಅಥವಾ ಅದಕ್ಕೂ ಕಡಿಮೆ ಇರುತ್ತದೆ.

ಎಜೆಡ್ ಅಂದರೆ ಅಲ್ಯೂಮಿನಿಯಂ ಮತ್ತು ಸತು ಬೆರೆಸಿದ ಲೇಪನ. ಗಾಲ್ವಾಲ್ಯೂಮ್ ಅಂತ ಕರೆಯುವುದು ಇದನ್ನೇ. ತೂಕದಲ್ಲಿ 55 ಪಾಲು ಅಲ್ಯೂಮಿನಿಯಂ, 43.4 ಸತು, 1.6 ಸಿಲಿಕಾನ್. ಎಜೆಡ್ 150 ಅಂದರೆ ಒಂದು ಚದರ ಮೀಟರ್ ಶೀಟಿಗೆ ಎರಡೂ ಮುಖ ಸೇರಿ 150 ಗ್ರಾಂ ಲೇಪನ. ಬರಿ ಸತುವಿನ ಲೇಪನ ಆದರೆ ಝಡ್ 275 ಅಂತ ಬರೆಯುತ್ತಾರೆ, ಅದು 275 ಗ್ರಾಂ. ಹಾಗಂತ 275 ದೊಡ್ಡದು, ಅದೇ ಒಳ್ಳೆಯದು ಅಂದುಕೊಳ್ಳಬೇಡಿ. ಎರಡೂ ಬೇರೆ ಬೇರೆ ಲೋಹ.

ಬಿಸಿಲುಮಾಳಿಗೆ:
ಎಸ್‌ಎಂಪಿ?

ಅಳತೆಪಟ್ಟಿ:
ಅದು ಬಣ್ಣದ ಜಾತಿ. ಸಿಲಿಕೋನ್ ಬೆರೆಸಿದ ಪಾಲಿಯೆಸ್ಟರ್. ಸಾದಾ ಪಾಲಿಯೆಸ್ಟರ್‌ಗಿಂತ ಮೇಲು. ಅದಕ್ಕೂ ಮೇಲೆ ಪಿವಿಡಿಎಫ್, ಬಿಸಿಲಿಗೆ ಬಣ್ಣ ಮಾಸುವುದು ಅದರಲ್ಲಿ ತೀರಾ ನಿಧಾನ. ಕೆಂಪು, ಗಾಢ ನೀಲಿ ಥರದ ಬಣ್ಣ ಬೇಕಾದರೆ ಪಿವಿಡಿಎಫ್‌ಗೆ ಖರ್ಚು ಮಾಡಬಹುದು. ತಿಳಿ ಬೂದು, ಬಿಳಿ ಆದರೆ ಎಸ್‌ಎಂಪಿ ಸಾಕು, ಮಾಸಿದರೂ ಕಣ್ಣಿಗೆ ಅಷ್ಟು ಕಾಣುವುದಿಲ್ಲ.

ಕಡಲಗಾಳಿ:
ಮನೆ ಸಮುದ್ರದ ಹತ್ತಿರ ಇದೆಯಾ? ಇದ್ದರೆ ಇಷ್ಟೂ ಲೆಕ್ಕ ಬದಲಾಗುತ್ತದೆ. ಉಪ್ಪಿನ ಗಾಳಿ ಉಕ್ಕಿನ ಶೀಟಿನ ಕತ್ತರಿಸಿದ ಅಂಚಿನಿಂದಲೇ ತಿನ್ನಲು ಶುರು ಮಾಡುತ್ತದೆ. ಸಮುದ್ರದಿಂದ ಇಷ್ಟು ದೂರದ ಒಳಗಿದ್ದರೆ ವಾರಂಟಿ ಇಲ್ಲ ಅಂತ ಎಷ್ಟೋ ಕಂಪನಿಗಳ ಕಾಗದದಲ್ಲೇ ಇರುತ್ತದೆ. ನಾವು ಅಲ್ಯೂಮಿನಿಯಂ ಹಾಕಿಸಿದೆವು. ಕೆಂಪು ತುಕ್ಕಿನ ಮಾತೇ ಇಲ್ಲ.

ಸೋರುವಮನೆ:
ಸಮುದ್ರ ತುಂಬಾ ದೂರ. ಆ ಚಿಂತೆ ಇಲ್ಲ.

ಅಳತೆಪಟ್ಟಿ:
ಹಾಗಾದರೆ ಉಕ್ಕೇ ಸಾಕು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ನಿಮ್ಮ 9 ಮೀಟರ್ ಶೀಟು ರಾತ್ರಿ ಮತ್ತು ಮಧ್ಯಾಹ್ನದ ನಡುವೆ 50 ಡಿಗ್ರಿ ಏರಿಳಿದರೆ ಉಕ್ಕು 5 ಮಿ.ಮೀ. ಚೂರು ಜಾಸ್ತಿ ಬೆಳೆಯುತ್ತದೆ, ಅಲ್ಯೂಮಿನಿಯಂ 10 ಮಿ.ಮೀ. ಆ ಓಡಾಟಕ್ಕೆ ಜಾಗ ಕೊಡದೆ ಬಿಗಿದರೆ ಸ್ಕ್ರೂ ತೂತು ಅಗಲವಾಗುತ್ತದೆ.

ಮಳೆಸದ್ದು:
ಎಲ್ಲರೂ ಶೀಟಿನ ಹಿಂದೆಯೇ ಬಿದ್ದಿದ್ದೀರಿ. ಈಗ ಯಾಕೆ ಸೋರುತ್ತಿದೆ ಅಂತ ಯಾರಾದರೂ ನೋಡಿದರಾ? ಮಳೆ ಇಲ್ಲದ ದಿನ ಬೆಳಿಗ್ಗೆ ಹನಿ ಬೀಳುತ್ತದಾ?

ಸೋರುವಮನೆ:
ಹೌದು! ಚಳಿಗಾಲದಲ್ಲಿ ಅಡುಗೆಮನೆಯಲ್ಲಿ ಬೀಳುತ್ತದೆ. ಹಿಂದಿನ ದಿನದ ನೀರು ನಿಂತಿರಬೇಕು ಅಂದುಕೊಂಡಿದ್ದೆ.

ಮಳೆಸದ್ದು:
ಅದು ಸೋರಿಕೆ ಅಲ್ಲ, ಬೆವರು. ರಾತ್ರಿ ತಗಡು ತಣ್ಣಗಾಗುತ್ತದೆ. ಅಡುಗೆಯ ಹಬೆ, ನಮ್ಮ ಉಸಿರಿನ ತೇವ ಎಲ್ಲ ಅದರ ಕೆಳಮುಖಕ್ಕೆ ತಾಗಿ ನೀರಾಗುತ್ತದೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಸೋರಿಕೆ ಅಂತ ತಿಳಿದು ಎರಡು ವರ್ಷ ಸೀಲಂಟ್ ಹಚ್ಚಿದೆವು, ಒಂದು ಹನಿಯೂ ನಿಲ್ಲಲಿಲ್ಲ. ಹೊಸ ಶೀಟು ಹಾಕಿದರೂ ಇದು ಹೋಗುವುದಿಲ್ಲ. ಕೆಳಗೆ ಇನ್ಸುಲೇಷನ್ ಬೇಕು, ರಿಡ್ಜ್‌ನಲ್ಲಿ ಗಾಳಿ ಹೋಗಲು ದಾರಿ ಬೇಕು, ಅಡುಗೆಮನೆ ಫ್ಯಾನಿನ ಗಾಳಿ ಹೊರಗೇ ಹೋಗಬೇಕು. ಇದನ್ನು ಯಾವ ಕಂಟ್ರಾಕ್ಟರ್ ತಾನಾಗಿಯೇ ಕೇಳಿದರು ಅಂತ ನೆನಪಿಸಿಕೊಳ್ಳಿ.

ಸೋರುವಮನೆ:
ಮೂರನೆಯವರು "ಹನಿ ಯಾವ ಹೊತ್ತಿಗೆ ಬೀಳುತ್ತದೆ" ಅಂತ ಕೇಳಿದ್ದರು. ಯಾಕೆ ಕೇಳಿದರು ಅಂತ ಈಗ ಗೊತ್ತಾಯಿತು.

ಕಬ್ಬಿಣದಕೈ:
26 ವರ್ಷ ಫ್ಯಾಬ್ರಿಕೇಷನ್ ಮಾಡಿ ಈಗ ಬಿಟ್ಟಿದ್ದೇನೆ. ಒಳಗಿನವನಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮಾಡು ಸೋರುವುದು ಶೀಟಿನ ನಡುವಿನಿಂದ ಅಲ್ಲ. ಸ್ಕ್ರೂ ತೂತಿನಿಂದ, ರಿಡ್ಜ್ ಕ್ಯಾಪ್‌ನಿಂದ, ಗೋಡೆಗೆ ತಾಗುವ ಕಡೆಯಿಂದ, ಪೈಪು ಹೊರಗೆ ಬರುವ ಕಡೆಯಿಂದ. ರೇಟು ಇಳಿಸಬೇಕಾದಾಗ ಕೈ ಬೀಳುವುದೂ ಅಲ್ಲೇ. ಶೀಟು ಮನೆಯವರ ಕಣ್ಣಿಗೆ ಕಾಣುತ್ತದೆ, ಅಲ್ಲಿ ಉಳಿಸಲು ಹೋದರೆ ಸಿಕ್ಕಿಬೀಳುತ್ತಾರೆ. ವಾಷರ್ ಯಾರು ನೋಡುತ್ತಾರೆ?

ಇಪಿಡಿಎಂ ರಬ್ಬರಿನ ವಾಷರ್ ಇರುವ, ಒಳ್ಳೆ ಲೇಪನದ ಸ್ಕ್ರೂ ಬೇಕು ಅಂತ ಬರೆಸಿಕೊಳ್ಳಿ. ಕಡಿಮೆ ದರ್ಜೆಯ ರಬ್ಬರ್ ಕೆಲವೇ ವರ್ಷಕ್ಕೆ ಬಿರುಕು ಬಿಡುತ್ತದೆ. ಬಿಗಿಯುವಾಗ ವಾಷರ್ ಸ್ವಲ್ಪ ಅದುಮಿದಂತೆ ಕಾಣಬೇಕು. ರಬ್ಬರ್ ಹೊರಗೆ ಚಿಮ್ಮಿದ್ದರೆ ಜಾಸ್ತಿ ಆಯಿತು. ಕೈಯಲ್ಲಿ ತಿರುಗಿದರೆ ಕಡಿಮೆ ಆಯಿತು. ಓರೆಯಾಗಿ ಕೂತ ಸ್ಕ್ರೂ ಮೊದಲ ವರ್ಷವೇ ಸೋರುತ್ತದೆ.

ಕತ್ತರಿಸುವುದನ್ನು ನಿಂತು ನೋಡಿ. ಗ್ರೈಂಡರ್ ಹಾಕಿ ಕಿಡಿ ಹಾರಿಸಿದರೆ ಅಂಚಿನ ಲೇಪನ ಸುಡುತ್ತದೆ. ಆ ಕಿಡಿ ಪಕ್ಕದ ಶೀಟಿನ ಬಣ್ಣದ ಮೇಲೆ ಬಿದ್ದು ಅಂಟಿಕೊಳ್ಳುತ್ತದೆ, ವಾರದಲ್ಲಿ ಕಂದು ಚುಕ್ಕೆ. ತಗಡು ಕತ್ತರಿ ಅಥವಾ ನಿಬ್ಲರ್ (ತಗಡನ್ನು ಕಚ್ಚಿ ಕಚ್ಚಿ ಕತ್ತರಿಸುವ ಯಂತ್ರ) ಬಳಸಬೇಕು. ಡ್ರಿಲ್ ಮಾಡಿದ ಪುಡಿಯನ್ನು ಅವತ್ತೇ ಸಂಜೆ ಗುಡಿಸಿ ತೆಗೆಯಬೇಕು. ಇಷ್ಟು ಮಾಡುವ ತಂಡ ಉಳಿದದ್ದನ್ನೂ ಸರಿಯಾಗಿ ಮಾಡುತ್ತದೆ, ಇದು ನನ್ನ ಅನುಭವ.

ಆಮೇಲೆ ಪರ್ಲಿನ್. 18 ವರ್ಷದ ಕಬ್ಬಿಣ. ಹಳೆ ಶೀಟು ಬಿಚ್ಚಿದ ಮೇಲೆಯೇ ಅದರ ನಿಜ ಸ್ಥಿತಿ ಗೊತ್ತಾಗುವುದು. "ಪರ್ಲಿನ್ ಕೆಟ್ಟಿದ್ದರೆ ಮೀಟರಿಗೆ ಎಷ್ಟು" ಅಂತ ಈಗಲೇ ರೇಟು ಬರೆಸಿಕೊಳ್ಳಿ. ಮಾಡು ಬಿಚ್ಚಿ, ಮೋಡ ಕವಿದಾಗ ರೇಟು ಮಾತಾಡಲು ಕೂತರೆ ಯಾರು ಗೆಲ್ಲುತ್ತಾರೆ ಹೇಳಿ.

ನೀಲಿತಗಡು:
ಅಣ್ಣ, ಇದನ್ನು ಯಾರಾದರೂ ನನಗೆ ನಾಲ್ಕು ವರ್ಷದ ಹಿಂದೆ ಹೇಳಿದ್ದರೆ! ನಮ್ಮ ಮಾಡಿನ ತುಂಬಾ ಕಂದು ಚುಕ್ಕೆ. ಶೀಟೇ ಕಳಪೆ ಅಂತ ಅಂಗಡಿಯವರ ಹತ್ತಿರ ಜಗಳ ಆಡಿ ಬಂದೆ. ಗ್ರೈಂಡರ್ ಕಿಡಿ ಅಂತ ಈಗ ಗೊತ್ತಾಗುತ್ತಿದೆ.

ಮೂರನೇಮಹಡಿ:
ಸ್ಕ್ರೂ ಹೊಡೆಯಬೇಕಾದದ್ದು ಶೀಟಿನ ಉಬ್ಬುಗಳ ನಡುವಿನ ತಗ್ಗಿನಲ್ಲಿ. ಅಲ್ಲಿ ಶೀಟು ಪರ್ಲಿನ್‌ಗೆ ಗಟ್ಟಿಯಾಗಿ ಕೂರುತ್ತದೆ. ಉಬ್ಬಿನ ಮೇಲೆ ಹೊಡೆದರೆ ಅಲ್ಲಾಡುತ್ತದೆ.

ಕಬ್ಬಿಣದಕೈ:
ಖಂಡಿತ ಇಲ್ಲ. ನೀರು ಹರಿಯುವುದೇ ತಗ್ಗಿನಲ್ಲಿ. ಅಲ್ಲೇ ತೂತು ಮಾಡುವುದಾ? ಮಾಡಿಗೆ ಉಬ್ಬಿನ ಮೇಲೆ, ಗೋಡೆಗೆ ಹಾಕುವ ಶೀಟಿಗೆ ತಗ್ಗಿನಲ್ಲಿ. ನಾವು ಯಾವಾಗಲೂ ಹೀಗೇ ಮಾಡಿದ್ದು.

ಮೂರನೇಮಹಡಿ:
ನಮ್ಮ ಮನೆಗೆ ಮರದ ಹಲಗೆ ಹಾಸಿ ಮೇಲೆ ಶೀಟು ಹಾಕಿದ್ದಾರೆ. ಪ್ರತಿ ಸ್ಕ್ರೂ ತಗ್ಗಿನಲ್ಲೇ ಇದೆ. 11 ವರ್ಷದಲ್ಲಿ ಒಂದು ಹನಿ ಇಲ್ಲ.

ಅಳತೆಪಟ್ಟಿ:
ಇಬ್ಬರ ಮಾತೂ ಅವರವರ ಮಾಡಿಗೆ ಸರಿ. ಕೆಳಗೆ ಹಲಗೆ ಇದ್ದರೆ ತಗ್ಗಿನಲ್ಲಿ ಹೊಡೆಯುವ ರೂಢಿ ಇದೆ, ವಾಷರ್ ಸಮನಾಗಿ ಕೂರುತ್ತದೆ. ಬರಿ ಪರ್ಲಿನ್ ಮೇಲೆ ಆದರೆ ಉಬ್ಬಿನಲ್ಲಿ, ಆದರೆ ಸ್ಕ್ರೂ ಉದ್ದ ಬೇಕು, ಉಬ್ಬು ಚಪ್ಪಟೆಯಾಗದ ಹಾಗೆ ಬಿಗಿಯಬೇಕು. ಆ ಶೀಟಿನ ತಯಾರಕರು ಕೊಡುವ ಚಿತ್ರದಲ್ಲಿ ಎಲ್ಲಿ ಹೊಡೆಯಬೇಕು, ಎಷ್ಟು ಅಂತರಕ್ಕೆ ಅಂತ ಇರುತ್ತದೆ. ಕಂಟ್ರಾಕ್ಟರ್ ಹತ್ತಿರ ಆ ಹಾಳೆ ಕೇಳಿ. ಅದನ್ನು ಮೀರಿದರೆ ವಾರಂಟಿಯೂ ಹೋಗುತ್ತದೆ.

ಮೂರನೇಮಹಡಿ:
ಸರಿ, ನಮ್ಮದು ಹಲಗೆ, ಅವರದು ಪರ್ಲಿನ್. ಒಪ್ಪಿದೆ.

ಹೆಂಚೇಸರಿ:
ಸದ್ದಿನ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನಮ್ಮ ಅಕ್ಕನ ಮನೆಯಲ್ಲಿ ಮಳೆ ಬಂದರೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ.

ಬಿಸಿಲುಮಾಳಿಗೆ:
ನಿಜ, ಬರಿ ಶೀಟು ಮಾತ್ರ ಇದ್ದರೆ ಕಷ್ಟವೇ. ನಾನು ಶೀಟಿನ ಕೆಳಗೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಸಿ, ಅದರ ಕೆಳಗೆ ಸೀಲಿಂಗ್ ಮಾಡಿಸಿದೆ. ಈಗ ಮಳೆ ಬಂದದ್ದು ಕಿಟಕಿಯಿಂದ ಗೊತ್ತಾಗುತ್ತದೆ.

ಸೆಕೆಗೆ ಎರಡು ಮಾತು. ಬಣ್ಣವಿಲ್ಲದ ಹೊಳೆಯುವ ತಗಡು ತಂಪು ಅಂತ ಜನ ಹೇಳುತ್ತಾರೆ. ಅದು ಬಿಸಿಲನ್ನು ಹಿಂದಕ್ಕೆ ಎಸೆಯುವುದು ಹೌದು, ಆದರೆ ಹೀರಿಕೊಂಡ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ. ತಿಳಿ ಬಣ್ಣ ಎರಡೂ ಮಾಡುತ್ತದೆ. ಇನ್ನು ಬೆಳ್ಳಿ ಬಣ್ಣದ ಫಾಯಿಲ್ ಶೀಟು ಹಾಕುವವರು ಅದನ್ನು ತಗಡಿಗೆ ಅಂಟಿಸಿಬಿಡುತ್ತಾರೆ. ಫಾಯಿಲ್‌ನ ಹೊಳೆಯುವ ಮುಖದ ಎದುರು ಗಾಳಿಯ ಜಾಗ ಇರಬೇಕು, ಕನಿಷ್ಠ 25 ಮಿ.ಮೀ. ಇಲ್ಲದಿದ್ದರೆ ಅದು ಬಿಸಿಯನ್ನು ಹಾಗೇ ದಾಟಿಸುತ್ತದೆ.

ನೀಲಿತಗಡು:
ಒಂದು ಬೇರೆ ಪ್ರಶ್ನೆ. ತಗಡಿನ ಮಾಡು ಸಿಡಿಲನ್ನು ಎಳೆಯುತ್ತದೆ ಅಂತ ನಮ್ಮಜ್ಜಿ ಹೆದರುತ್ತಾರೆ.

ಅಳತೆಪಟ್ಟಿ:
ಇಲ್ಲ. ಸಿಡಿಲು ಬೀಳುವುದು ಎತ್ತರ ಮತ್ತು ಜಾಗ ನೋಡಿ, ಮಾಡು ಯಾವುದರದ್ದು ಅಂತ ನೋಡಿ ಅಲ್ಲ. ತಗಡು ಬೆಂಕಿ ಹಿಡಿಯುವುದಿಲ್ಲ, ಅದು ಒಳ್ಳೆಯದೇ. ಆದರೆ ಅರ್ಥಿಂಗ್ ಸರಿಯಾಗಿ ಮಾಡಿಸಿ. ಅಜ್ಜಿಯ ಭಯಕ್ಕೂ ಅದರಿಂದ ಸಮಾಧಾನ ಸಿಗುತ್ತದೆ.

ಎತ್ತರದಕೆಲಸ:
ಎಲ್ಲರೂ ಮರೆತ ವಿಷಯ: ಮೇಲೆ ಹತ್ತುವ ಜನ. ಸೇಫ್ಟಿ ಬೆಲ್ಟ್, ಹಗ್ಗ ತರುತ್ತಾರಾ, ಕೆಲಸಗಾರರಿಗೆ ವಿಮೆ ಇದೆಯಾ ಅಂತ ಮೊದಲೇ ಕೇಳಿ. ಬೆಳಕಿಗೆ ಅಂತ ಹಾಕುವ ಪಾರದರ್ಶಕ ಶೀಟು ಇದೆಯಲ್ಲ, ಅದರ ಮೇಲೆ ಕಾಲಿಟ್ಟು ಒಳಗೆ ಬಿದ್ದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಧೂಳು ಕೂತ ಮೇಲೆ ಅದಕ್ಕೂ ತಗಡಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಕಿಸಲೇಬೇಕಾದರೆ ಕೆಳಗೆ ಗಟ್ಟಿ ಜಾಲರಿ ಹಾಕಿಸಿ. ಹಳೆ ಮಾಡಿನಲ್ಲಿ ಎಲ್ಲಾದರೂ ಆಸ್ಬೆಸ್ಟಾಸ್ ಶೀಟು ಇದ್ದರೆ ಒಡೆಯಬೇಡಿ, ಕೊರೆಯಬೇಡಿ. ಅದರ ಧೂಳು ಉಸಿರಿಗೆ ಹೋಗಬಾರದು. ಅದನ್ನು ತೆಗೆಯಲು ಬಲ್ಲವರನ್ನೇ ಕರೆಸಿ.

ಸೋರುವಮನೆ:
ಆಸ್ಬೆಸ್ಟಾಸ್ ಇಲ್ಲ. ಬೆಳಕಿನ ಶೀಟು ಎರಡಿದ್ದವು, ಜಾಲರಿ ವಿಷಯ ಬರೆದುಕೊಂಡೆ.

ಇವತ್ತು ಮೂವರಿಗೂ ಫೋನ್ ಮಾಡಿದೆ. ಮೊದಲನೆಯವರಿಗೆ ಬಿಎಂಟಿ ಎಷ್ಟು ಅಂತ ಕೇಳಿದೆ. "ನಿಮಗೆ ನಂಬಿಕೆ ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ" ಅಂದರು. ಎರಡನೆಯವರಿಗೆ ಅವರು ಹಾಕಿದ ಐದು ವರ್ಷ ಹಳೆಯ ಮಾಡು ತೋರಿಸಿ ಅಂದೆ. ಎಲ್ಲ ಹೊಸದೇ ಇದೆ, ಕಳೆದ ವರ್ಷದಿಂದ ಶುರು ಮಾಡಿದ್ದು ಅಂದರು. ಮೂರನೆಯವರು ಏಳು ವರ್ಷ ಹಳೆಯ ಮನೆಯೊಂದಕ್ಕೆ ಕರೆದುಕೊಂಡು ಹೋದರು. ಆ ಮನೆಯ ಅಮ್ಮ, ಒಂದು ಸಲ ಪೈಪಿನ ಹತ್ತಿರ ಸೋರಿತ್ತು, ಕರೆದ ಮೂರನೇ ದಿನ ಬಂದು ಸರಿ ಮಾಡಿಕೊಟ್ಟರು ಅಂದರು.

ಕಬ್ಬಿಣದಕೈ:
ಆ ಅಮ್ಮನ ಮಾತು ಸಾಕು. ಸೋರಲೇ ಇಲ್ಲ ಅನ್ನುವವರಿಗಿಂತ, ಸೋರಿದಾಗ ಬಂದರು ಅನ್ನುವವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಮೂರನೇಮಹಡಿ:
ಎರಡನೆಯವರನ್ನು ಸುಮ್ನೆ ತಳ್ಳಿಹಾಕಬೇಡಿ. ಸ್ಟ್ಯಾಂಡಿಂಗ್ ಸೀಮ್‌ನಲ್ಲಿ ಸ್ಕ್ರೂ ಹೊರಗೆ ಕಾಣುವುದೇ ಇಲ್ಲ. ಒಳಗಿನ ಕ್ಲಿಪ್ಪು ಹಿಡಿದಿರುತ್ತದೆ, ಶೀಟು ಹಿಗ್ಗಿದರೂ ಜಾರಿಕೊಳ್ಳುತ್ತದೆ. ಸೋಲಾರ್ ಹಾಕುವಾಗ ತೂತು ಮಾಡದೆ ಸೀಮ್‌ಗೇ ಕ್ಲ್ಯಾಂಪ್ ಹಾಕಬಹುದು.

ಅಳತೆಪಟ್ಟಿ:
ವಸ್ತು ಒಳ್ಳೆಯದೇ, ಅದರಲ್ಲಿ ಜಗಳ ಇಲ್ಲ. ತೀರಾ ಚಪ್ಪಟೆ ಮಾಡಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 12 ಡಿಗ್ರಿಗೆ ಅನಿವಾರ್ಯ ಅಲ್ಲ. ಒಂದೇ ವರ್ಷದ ಕೈಯಲ್ಲಿ ಸೀಮ್ ಮಡಿಸುವುದಕ್ಕಿಂತ ಏಳು ವರ್ಷ ನಿಂತ ಕೈಯಲ್ಲಿ ಸ್ಕ್ರೂ ಹೊಡೆಸುವುದು ಮೇಲು. ಸ್ಟ್ಯಾಂಡಿಂಗ್ ಸೀಮ್‌ನ ಅಗಲ ಶೀಟಿನಲ್ಲಿ ಅಲೆ ಅಲೆಯಾಗಿ ಕಾಣುವುದೂ ಇದೆ. ಗಟ್ಟಿತನಕ್ಕೆ ತೊಂದರೆ ಇಲ್ಲ, ನೋಡಲು ಬೇಜಾರು.

@ಸೋರುವಮನೆ ಒಪ್ಪಂದಕ್ಕೆ ಕೂರುವ ಮೊದಲು ವಾರಂಟಿ ಬಿಡಿಸಿ ಕೇಳಿ. ಶೀಟು ತೂತಾಗುವುದಕ್ಕೆ ಒಂದು, ಬಣ್ಣಕ್ಕೆ ಒಂದು, ಇವೆರಡೂ ತಯಾರಕರದು. ಕೈಕೆಲಸಕ್ಕೆ ಕಂಟ್ರಾಕ್ಟರ್ ಕೊಡುವುದು ಮೂರನೆಯದು, ನಿಮಗೆ ಮುಖ್ಯ ಅದೇ. ಅಳತೆಯನ್ನೂ ನೋಡಿ. ಮಾಡಿನ ಇಳಿಜಾರಿನ ಮೇಲಿನ ಅಳತೆಗೆ ದುಡ್ಡೋ, ತಂದ ಶೀಟಿನ ಅಳತೆಗೋ? ಮೇಲೊಂದು ಹೊದೆಯುವ ಅಂಚು, ಕತ್ತರಿಸಿ ಉಳಿದದ್ದು ಎಲ್ಲ ಸೇರಿದರೆ ಲೆಕ್ಕ ಬೇರೆಯೇ ಆಗುತ್ತದೆ. 9 ಮೀಟರ್ ಶೀಟನ್ನು ಒಂದೇ ಉದ್ದಕ್ಕೆ ತರಿಸಿ, ನಡುವೆ ಜೋಡಣೆ ಬೇಡ.

ಕಬ್ಬಿಣದಕೈ:
ಶೀಟು ಇಳಿಸಿದ ದಿನ ಕೆಳಮುಖ ನೋಡಿ. ಎಷ್ಟೋ ತಯಾರಕರು ಅಲ್ಲಿ ದಪ್ಪ, ಲೇಪನ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರ್ ಇಟ್ಟು ಒಂದು ಸಲ ಅಳೆಯಿರಿ. ಶೀಟು ಒಂದರ ಮೇಲೊಂದು ಇದ್ದಾಗ ನಡುವೆ ನೀರು ಸೇರಿದರೆ ಬಿಳಿ ತುಕ್ಕು ಬರುತ್ತದೆ, ಒಂದು ಕಡೆ ಎತ್ತರ ಮಾಡಿ, ಮುಚ್ಚಿಡಿ. ಗಾಳಿ ಬರುವ ದಿಕ್ಕಿನ ಎದುರು ತುದಿಯಿಂದ ಹಾಸಲು ಶುರು ಮಾಡಬೇಕು, ಆಗ ಜೋಡಣೆಯ ಬಾಯಿ ಗಾಳಿಗೆ ತೆರೆದಿರುವುದಿಲ್ಲ. ಮೂಲೆ, ಅಂಚುಗಳಿಗೆ ಸ್ಕ್ರೂ ಜಾಸ್ತಿ. ಬಿರುಗಾಳಿಗೆ ಮಾಡು ಮೊದಲು ಏಳುವುದು ಅಲ್ಲಿಂದಲೇ. ಸೀಲಂಟ್ ನ್ಯೂಟ್ರಲ್ ಜಾತಿಯದು ಇರಲಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಗಡಿನ ಲೇಪನ ತಿನ್ನುತ್ತದೆ.

ಸೋರುವಮನೆ:
ಅಯ್ಯೋ, ನಾನು ಎರಡು ವರ್ಷ ಹಚ್ಚಿದ್ದು ಆ ವಾಸನೆಯದ್ದೇ!

ಬಿಸಿಲುಮಾಳಿಗೆ:
ಗಟರ್ ಮರೆಯಬೇಡಿ. 100 ಚದರ ಮೀಟರ್ ಮಾಡಿಗೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್ ನೀರು. ಎರಡು ಇಳಿಕೆ ಪೈಪಾದರೂ ಬೇಕು.

ಸೋರುವಮನೆ:
ಆರು ವಾರದ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು, ಮೂರನೆಯವರಿಗೇ ಕೊಟ್ಟೆವು. ಉಕ್ಕಿನ ಶೀಟು, ಬಿಎಂಟಿ 0.45, ಎಜೆಡ್ 150, ತಿಳಿ ಬೂದು ಎಸ್‌ಎಂಪಿ. ಕೆಳಗೆ ರಾಕ್‌ವೂಲ್, ಸೀಲಿಂಗ್. ರಿಡ್ಜ್‌ನಲ್ಲಿ ಗಾಳಿಗೆ ದಾರಿ. ದುಡ್ಡು ನಾಲ್ಕು ಕಂತು ಮಾಡಿದೆವು, ಕೊನೆಯದು ಮೊದಲ ದೊಡ್ಡ ಮಳೆ ಆದ ಮೇಲೆ ಅಂತ. ಅವರೇ ಒಪ್ಪಿಕೊಂಡರು.

ಹಳೆ ಶೀಟು ಬಿಚ್ಚಿದಾಗ ನಾನೂ ಮೇಲೆ ಹೋಗಿ ನೋಡಿದೆ. ಶೀಟಿನ ನಡುಭಾಗ ಇನ್ನೂ ಗಟ್ಟಿ ಇತ್ತು. ಪ್ರತಿ ಸ್ಕ್ರೂ ಸುತ್ತ ಮಾತ್ರ ತುಕ್ಕಿನ ಉಂಗುರ, ತೂತು ಉದ್ದಕ್ಕೆ ಹರಿದಿತ್ತು. ವಾಷರ್ ಮುಟ್ಟಿದರೆ ಪುಡಿ. ಕಬ್ಬಿಣದಕೈ ಅಣ್ಣ ಹೇಳಿದ್ದು ಹಾಗೇ ಇತ್ತು. ಪರ್ಲಿನ್ ನಾಲ್ಕು ಬದಲಿಸಬೇಕಾಯಿತು. ರೇಟು ಮೊದಲೇ ಬರೆಸಿದ್ದರಿಂದ ಮಾತು ಬೆಳೆಯಲಿಲ್ಲ.

ಎರಡನೇ ದಿನ ಒಬ್ಬ ಹುಡುಗ ಗ್ರೈಂಡರ್ ಎತ್ತಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಅವರ ಮೇಸ್ತ್ರಿ ಕೆಳಗಿಂದ ಕೂಗಿ ಇಡಿಸಿದರು.

ಮಳೆಸದ್ದು:
ಮಳೆ ಬಂತಾ? ಅಡುಗೆಮನೆ?

ಸೋರುವಮನೆ:
ಮೊನ್ನೆ ರಾತ್ರಿ ಜೋರು ಮಳೆ. ಟಾರ್ಚು ಹಿಡಿದು ಎಲ್ಲ ಕೋಣೆ ಸುತ್ತಿದೆ. ಗೋಡೆ ಸೇರುವ ಒಂದು ಕಡೆ ಚೂರು ತೇವ ಕಾಣಿಸಿತು. ಫೋಟೊ ಕಳಿಸಿದೆ, ಮರುದಿನ ಬಂದು ಫ್ಲ್ಯಾಶಿಂಗ್ (ಸಂದಿ ಮುಚ್ಚುವ ತಗಡಿನ ಪಟ್ಟಿ) ಬಿಚ್ಚಿ ಮತ್ತೆ ಕೂರಿಸಿದರು. ನಿನ್ನೆ ಮತ್ತೆ ಮಳೆ, ಒಣಗಿದ ಹಾಗೇ ಇದೆ. ಕೊನೆ ಕಂತು ಕೊಟ್ಟುಬಿಟ್ಟೆ. ಅಡುಗೆಮನೆಯ ಬೆವರು ಚಳಿಗಾಲದಲ್ಲಿ ಗೊತ್ತಾಗುತ್ತದೆ, ಆಗ ಇಲ್ಲೇ ಬಂದು ಬರೆಯುತ್ತೇನೆ.

ಕಬ್ಬಿಣದಕೈ:
ಉಳಿದ ಶೀಟು ಎರಡು, ಸ್ಕ್ರೂ ಒಂದು ಡಬ್ಬಿ ಎತ್ತಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಅದೇ ಉಬ್ಬು, ಅದೇ ಬಣ್ಣ ಸಿಗುವುದಿಲ್ಲ.

ಸೋರುವಮನೆ:
ಎತ್ತಿಟ್ಟಿದ್ದೇನೆ ಅಣ್ಣ. ಒಂದು ಕಡೆ ಎತ್ತರ ಮಾಡಿ, ಮುಚ್ಚಿ.